ಬೇಲೂರಿನ ಪಂದ್ಯಕ್ಕೆ ನಾನು ಕಟ್ಟಿಕೊಟ್ಟ ಚಟ್ನಿ

ಆ ಚಟ್ನಿ ಹಳಸಿತ್ತು. ನನಗೆ ಗೊತ್ತಿತ್ತು — ಗೊತ್ತಿದ್ದೇ ಡಬ್ಬಿಗೆ ಹಾಕಿಕೊಟ್ಟೆ. ನಾಲ್ಕು ವರ್ಷದ ಹಿಂದೆ ನಮ್ಮ ಅರಸೀಕೆರೆಯ ಫುಟ್‌ಬಾಲ್ ತಂಡ ಬೇಲೂರಿನಲ್ಲಿ ಸೆಮಿಫೈನಲ್ ಸೋತದ್ದು ಅದರಿಂದ. ಆ ಸೋಲಿನ ಜೊತೆಗೆ ಗೋಲ್‌ಕೀಪರ್ ವೆಂಕಟೇಶನ ಮರ್ಯಾದೆಯೂ ಹೋಯಿತು. ಕುಡಿದು ಬಂದು ಗೋಲು ಬಿಟ್ಟ ಎಂದು ಊರು ಮಾತಾಡಿತು. ನಾನು ಸುಮ್ಮನಿದ್ದೆ.

ಸ್ಟೇಷನ್ ರಸ್ತೆಯಲ್ಲಿ ನಮ್ಮದೊಂದು ಸಣ್ಣ ತಿಂಡಿ ಹೋಟೆಲ್. ಐದಕ್ಕೆ ಒಲೆ, ಆರಕ್ಕೆ ಮೊದಲ ಇಡ್ಲಿ, ಏಳಕ್ಕೆ ಹೊರಗಿನ ಬೆಂಚು ತುಂಬುತ್ತದೆ. ಅಲ್ಲಿ ಕೂರುವವರಿಗೆ ಕಾಫಿಗಿಂತ ಫುಟ್‌ಬಾಲ್ ಮುಖ್ಯ. ತಂಡದ ಮ್ಯಾನೇಜರ್ ಆದ ನಮ್ಮ ಯಜಮಾನರು, ಗುಮಾಸ್ತರಾಗಿ ನಿವೃತ್ತರಾದ ಮರುಳಪ್ಪನವರು, ಕೊಬ್ಬರಿ ಮಂಡಿಯ ಗಂಗಣ್ಣ. ಪ್ರತಿ ವರ್ಷ ನಮ್ಮ ತಂಡ ಸೆಮಿಫೈನಲ್‌ವರೆಗೆ ಹೋಗುತ್ತದೆ, ಅಲ್ಲೇ ಮುಗಿಯುತ್ತದೆ. ಪ್ರತಿ ವರ್ಷ ಇವರು ಅದೇ ಮಾತನ್ನು ಅರೆಯುತ್ತಾರೆ. ಕೇಳಿ ಕೇಳಿ ನನಗೆ ರೋಸಿಹೋಗಿದೆ.

"ಡಿಫೆನ್ಸೇ ಇಲ್ಲ ಕಣ್ರೀ ನಮ್ಗೆ," ಗಂಗಣ್ಣ ಶುರು ಮಾಡುತ್ತಾರೆ. "ಇಬ್ರು ಬ್ಯಾಕ್ ನಿಂತ್ರೆ ಮಧ್ಯೆ ಎತ್ತಿನ ಗಾಡಿ ತಿರುಗಿಸ್ಬೋದು."

"ಹಾಸನದಿಂದ ಇಬ್ರನ್ನ ಕರೆಸಿದ್ರಲ್ಲ," ಎನ್ನುತ್ತಾರೆ ಮರುಳಪ್ಪನವರು.

"ಕರೆಸಿದ್ವಿ. ವಾಪಸ್ ಹೋಗೋವಾಗ ಬಸ್ ಹಿಡಿಯೋಕೆ ಎಷ್ಟ್ ಚೆನ್ನಾಗಿ ಓಡಿದ್ರು ಅಂತೀರಾ."

ನಗು. ಇನ್ನೊಂದು ರೌಂಡ್ ಕಾಫಿ. ಕೊನೆಗೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಅದೆಲ್ಲ ಬಿಡ್ರಿ. ಅವತ್ತು ಆ ಕುಡುಕ ನೆಟ್ಟಗೆ ನಿಂತಿದ್ರೆ ಫೈನಲ್ ನಮ್ದೇ." ಆಗ ನಾನು ಒಳಗೆ ಹೋಗಿ ಯಾವುದಾದರೂ ಪಾತ್ರೆ ತಿಕ್ಕುತ್ತೇನೆ — ತಿಕ್ಕಿದ್ದನ್ನೇ ಮತ್ತೆ ತಿಕ್ಕುತ್ತೇನೆ.

ವೆಂಕಟೇಶ ತೆಂಗಿನಕಾಯಿ ಮಂಡಿಯಲ್ಲಿ ಲೋಡಿಂಗ್ ಮಾಡುವವನು. ರಾಶಿಯ ಮೇಲಿನವರು ಎಸೆದ ಕಾಯಿಗಳನ್ನು ಲಾರಿಯ ಮೇಲೆ ನಿಂತು ಹಿಡಿಯುವ ಕೆಲಸ. ಎರಡೆರಡು ಕಾಯಿ ಒಟ್ಟಿಗೆ ಬರುತ್ತವೆ, ಒಂದೂ ಕೆಳಗೆ ಬೀಳುವುದಿಲ್ಲ. ಆ ಕೈಗಳನ್ನು ನೋಡಿಯೇ ನಮ್ಮವರು ಅವನನ್ನು ಗೋಲಿಗೆ ನಿಲ್ಲಿಸಿದ್ದು. ದಿನಾ ಬೆಳಿಗ್ಗೆ ನಮ್ಮಲ್ಲೇ ತಿಂಡಿ. ತಟ್ಟೆಯನ್ನು ತಾನೇ ತೊಟ್ಟಿಯ ಬಳಿ ಇಟ್ಟು, "ಬತ್ತೀನಕ್ಕಾ" ಎಂದು ಹೋಗುತ್ತಿದ್ದ.

ಪಂದ್ಯದ ದಿನ ಇಡೀ ತಂಡಕ್ಕೆ ಪುಳಿಯೋಗರೆ ಕಟ್ಟಿದೆ. ವೆಂಕಟೇಶನಿಗೆ ಹುಣಸೆಹುಳಿ ಆಗದು, ಎದೆಯುರಿ. ಅದಕ್ಕೇ ಅವನೊಬ್ಬನಿಗೆ ಬೇರೆ ಡಬ್ಬಿಯಲ್ಲಿ ಇಡ್ಲಿ, ಚಟ್ನಿ. ಬೆಳಿಗ್ಗೆ ಕರೆಂಟ್ ಇರಲಿಲ್ಲ, ಮಿಕ್ಸಿ ತಿರುಗಲಿಲ್ಲ. ಹಿಂದಿನ ಸಂಜೆಯ ಕಾಯಿಚಟ್ನಿ ಒಂದು ಬಟ್ಟಲು ಉಳಿದಿತ್ತು. ಮುಚ್ಚಳ ತೆಗೆದೆ — ಮೂಗಿಗೆ ಹುಳಿ ವಾಸನೆ ಹೊಡೆಯಿತು. ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು, ಕಾಯಿಚಟ್ನಿ ಎಷ್ಟು ಹೊತ್ತು ತಡೆಯುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿತ್ತಲಲ್ಲಿ ಒರಳುಕಲ್ಲು ಇತ್ತು. ಹದಿನೈದು ನಿಮಿಷದ ಕೆಲಸ. ಆದರೆ ಹೊರಗೆ ಗಿರಾಕಿ, ಟೆಂಪೋದವನ ಹಾರನ್, ನಮ್ಮವರ ಕೂಗು... ಜಜ್ಜಿದ ಶುಂಠಿ ಬೆರೆಸಿದೆ, ಇಂಗು ಜಾಸ್ತಿ ಹಾಕಿ ಹೊಸದಾಗಿ ಒಗ್ಗರಣೆ ಕೊಟ್ಟೆ. ವಾಸನೆ ಮುಚ್ಚಿತು. ಡಬ್ಬಿಯನ್ನು ನಾನೇ ಅವನ ಕೈಗೆ ಕೊಟ್ಟೆ.

ಜಾವಗಲ್ ದಾಟಿ ಹಳೇಬೀಡಿನ ಕೆರೆ ಹತ್ತಿರ ಟೆಂಪೋ ನಿಲ್ಲಿಸಿ ಊಟ ಮಾಡಿದರಂತೆ. ಮೂರು ಗಂಟೆಗೆ ಬೇಲೂರಿನಲ್ಲಿ ಪಂದ್ಯ. ಮೊದಲರ್ಧ ನಾವೇ ಒಂದು ಗೋಲು ಮುಂದೆ. ವಿರಾಮದ ನಂತರ ವೆಂಕಟೇಶ ಗೋಲಿನ ಕಂಬ ಹಿಡಿದು ವಾಂತಿ ಮಾಡಿದ. ಅವನ ಬದಲು ನಿಲ್ಲಿಸಲು ಇನ್ನೊಬ್ಬ ಗೋಲ್‌ಕೀಪರ್ ಪಟ್ಟಿಯಲ್ಲೇ ಇರಲಿಲ್ಲ — ಹೆಚ್ಚಿಗೆ ಒಬ್ಬ ಫಾರ್ವರ್ಡ್ ಇರಲಿ ಎಂದು ನಮ್ಮವರು ಎರಡನೇ ಗೋಲ್‌ಕೀಪರನನ್ನು ಕೈಬಿಟ್ಟಿದ್ದರು. ಕಾಲು ಗಂಟೆಯಲ್ಲಿ ಎದುರಿನವರು ಎರಡು ಗೋಲು ಹೊಡೆದರು. ಎರಡನೆಯದಕ್ಕೆ ಅವನು ಕೈ ಎತ್ತಲೂ ಇಲ್ಲ.

ಹಿಂದಿನ ದಿನ ಅವನು ಗೆಂಡೆಹಳ್ಳಿಯಲ್ಲಿ ನೆಂಟರ ಮದುವೆಗೆ ಹೋಗಿ ಬಂದಿದ್ದ. ಇಷ್ಟು ಸಾಕಾಯಿತು. ಮದುವೆ ಮನೆಯಲ್ಲಿ ಏರಿಸಿಕೊಂಡಿದ್ದಾನೆ ಎಂದು ಯಾರೋ ಒಬ್ಬರು ಅಂದರು, ಟೆಂಪೋ ಅರಸೀಕೆರೆ ಮುಟ್ಟುವಷ್ಟರಲ್ಲಿ ಅದು ಎಲ್ಲರೂ ಕಣ್ಣಾರೆ ಕಂಡ ಸಂಗತಿಯಾಗಿತ್ತು.

ನಮ್ಮವರು ಮನೆಗೆ ಬಂದವರೇ ಕೇಳಿದರು: "ತಿಂಡೀಲೇನಾದ್ರೂ ಹೆಚ್ಚುಕಮ್ಮಿ ಆಗಿತ್ತೇನೇ?"

"ಎಲ್ರೂ ಅದನ್ನೇ ತಿಂದಿದಾರಲ್ಲ," ಎಂದೆ.

ಇದೇ ನಾನು ಆಡಿದ ಮಾತು. ಪುಳಿಯೋಗರೆಯ ಮಟ್ಟಿಗೆ ನಿಜ. ಅದಕ್ಕೇ ಅಷ್ಟು ಸಲೀಸಾಗಿ ಬಂತು ಬಾಯಿಗೆ. ಅವರು ಮತ್ತೆ ಕೇಳಲಿಲ್ಲ — ಸೋಲಿಗೆ ಕುಡಿತವೇ ಕಾರಣ ಎಂದಾದರೆ, ಎರಡನೇ ಗೋಲ್‌ಕೀಪರ್ ಇಲ್ಲದ ಪಟ್ಟಿಯ ಬಗ್ಗೆ ಅವರನ್ನೂ ಯಾರೂ ಕೇಳುವಂತಿರಲಿಲ್ಲ.

ವೆಂಕಟೇಶ ಮಾಲೇಕಲ್ಲು ಬೆಟ್ಟ ಹತ್ತಿ, ದೇವರ ಮುಂದೆ ಆಣೆ ಮಾಡಿ ಬಂದ. ಬೆಂಚಿನ ಮುಂದೆ ನಿಂತು, "ಸ್ವಾಮಿ ಆಣೆಗೂ ನಾನು ಮುಟ್ಟಿಲ್ಲ ಕಣಣ್ಣಾ" ಎಂದ. ಗಂಗಣ್ಣ, "ಆಯ್ತು ಬಿಡ್ಲಾ, ಬೆಟ್ಟ ಇಳ್ದಿದೀಯಲ್ಲ, ಈಗ ಕುಡಿ" ಎಂದರು. ಎಲ್ಲರೂ ನಕ್ಕರು. ಅವನು ಒಳಗೆ ನನ್ನ ಕಡೆ ನೋಡಿದ. ನಾನು ಸಾರಿನ ಪಾತ್ರೆಯ ಕಡೆ ನೋಡಿದೆ. ಮರುದಿನದಿಂದ ತಿಂಡಿಗೆ ಬರಲಿಲ್ಲ; ಮೈದಾನದ ಕಡೆಗೂ ಸುಳಿಯಲಿಲ್ಲ.

ಅದಾಗಿ ಎರಡು ವಾರಕ್ಕೆ ಅವನ ಹೆಂಡತಿ ಭಾಗ್ಯ ಬಂದಳು. ಮಧ್ಯಾಹ್ನ, ಅಂಗಡಿ ಖಾಲಿಯಿದ್ದಾಗ. ಅವಳ ಅಪ್ಪ ಕುಡಿದೇ ಸತ್ತವರು, ಕುಡಿಯದವನು ಎಂದೇ ಇವನನ್ನು ಒಪ್ಪಿಕೊಂಡವಳು ಅವಳು. "ನೀವು ದಿನಾ ನೋಡ್ತಿದ್ರಿ ಅಕ್ಕಾ, ನೀವೊಬ್ರು ಹೇಳಿ. ಕುಡ್ದಿದ್ನಾ?" ಎಂದಳು. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಇಲ್ಲ ಎಂದರೆ, ಮತ್ತೆ ಹೇಗೆ ಎಂದು ಕೇಳುತ್ತಾಳೆ... "ನಂಗೇನು ಗೊತ್ತಮ್ಮ," ಎಂದೆ. ಕಾಫಿ ಕೊಟ್ಟೆ. ಅವಳು ಅರ್ಧ ಕುಡಿದು ಎದ್ದು ಹೋದಳು.

ಹೋಟೆಲಿನ ಹೆಸರು ಕೆಡುತ್ತದೆ ಎಂಬ ಭಯ — ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಏನಾದರೂ ಇದೆಯೇ ಎಂದು ಹುಡುಕಿ ನೋಡಿದ್ದೇನೆ. ಇಲ್ಲ.

ಈ ವಾರ ಹೊಸ ಪಟ್ಟಿ ಬರೆಯುತ್ತಿದ್ದಾರೆ. ಗೋಲ್‌ಕೀಪರ್‌ಗಳಿಗೆ ಅಭ್ಯಾಸ ಮಾಡಿಸಲು ಒಬ್ಬರು ಬೇಕು. ತಾನು ಬರಲೇ ಎಂದು ವೆಂಕಟೇಶನೇ ಕೇಳಿ ಕಳುಹಿಸಿದ್ದ, ನಾಲ್ಕು ವರ್ಷದ ಮೇಲೆ. ಬೆಂಚಿನಲ್ಲಿ ಎರಡು ನಿಮಿಷವೂ ಹಿಡಿಯಲಿಲ್ಲ. "ಕುಡುಕನ ಕೈಗೆ ಟೀಮ್ ಕೊಡ್ತೀರೇನ್ರೀ?" ನಮ್ಮವರು ಹೆಸರು ಬರೆಯದೆ ಪೆನ್ನು ಜೇಬಿಗೆ ಇಟ್ಟುಕೊಂಡರು.

ಕೈಯಲ್ಲಿದ್ದ ಸೌಟು ಕೆಳಗಿಟ್ಟು ಹೊರಗೆ ಬಂದೆ. ಎಲ್ಲವನ್ನೂ ಹೇಳಿದೆ. ವಾಸನೆ, ಶುಂಠಿ, ಇಂಗು, ಬೇರೆ ಡಬ್ಬಿ — ಒಂದೂ ಬಿಡಲಿಲ್ಲ.

ಮರುಳಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ಪಾಪ, ನಿಮ್ಮ ಮನಸ್ಸು ದೊಡ್ಡದು. ಅವನನ್ನ ಸೇರಿಸ್ಬೇಕು ಅಂತ ನಿಮ್ಮ ಮೇಲೆ ಹಾಕ್ಕೋತಿದೀರಿ."

"ಇಲ್ಲ, ನಿಜ ಹೇಳ್ತಿದೀನಿ—"

"ಇಪ್ಪತ್ತು ವರ್ಷದಿಂದ ನಿಮ್ ಚಟ್ನಿ ತಿಂದಿದೀನಿ ಕಣಮ್ಮಾ," ಗಂಗಣ್ಣ ಎಂದರು. "ಒಂದಿನ ತೇಗು ಕೆಟ್ಟಿಲ್ಲ. ಅದೂ ಅಲ್ದೆ, ಹೊಟ್ಟೆ ಕೆಟ್ಟಿದ್ರೆ ಕೈ ಎತ್ತೋಕೇನಾಗಿತ್ತು ಅವ್ನಿಗೆ?" ಮಾತು ಮತ್ತೆ ಡಿಫೆನ್ಸಿಗೆ ಹೋಯಿತು. ಯಾವ ಹೆಸರನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡೆನೋ ಆ ಹೆಸರೇ ಈಗ ನನ್ನ ಮಾತನ್ನು ನಂಬಲು ಬಿಡುತ್ತಿಲ್ಲ.

ನಮ್ಮ ಯಜಮಾನರೊಬ್ಬರು ಆ ಮಾತಿಗೆ ಸೇರಲಿಲ್ಲ. ಆಮೇಲೆ ಅಡುಗೆಮನೆಗೆ ಬಂದು, "ನಾನು ನಂಬಿದೆ. ಆದ್ರೆ ಇಷ್ಟಕ್ಕೇ ಬಿಟ್ಬಿಡು," ಎಂದರು. ನಾನು ಆಗಲಿ ಎನ್ನಲಿಲ್ಲ.

ಬೆಂಚಿನವರು ನಂಬದಿದ್ದರೆ ಬೇಡ. ಅವರಿಗೆ ಬೇಕಾದದ್ದು ಸೋಲಿಗೊಂದು ಕಾರಣ, ಅದು ಅವರ ಹತ್ತಿರ ಆಗಲೇ ಇದೆ. ನಿಜ ತಿಳಿಯಬೇಕು ಎಂದು ಕೇಳಿದವಳು ಭಾಗ್ಯ ಒಬ್ಬಳೇ. ನಾಳೆ ಅಂಗಡಿ ತೆಗೆಯುವುದಿಲ್ಲ. ಮಾಲೇಕಲ್ಲು ದಾರಿಯಲ್ಲಿ ಅವರ ಮನೆ, ವೆಂಕಟೇಶ ಮಂಡಿಗೆ ಹೊರಡುವ ಮೊದಲೇ ಹೋಗಬೇಕು. ಇಬ್ಬರೂ ಇರುವಾಗಲೇ ಹೇಳಬೇಕು. ಅವಳು ಬಾಗಿಲಲ್ಲೇ ನಿಲ್ಲಿಸಿದರೆ ಬಾಗಿಲಲ್ಲೇ ನಿಂತು ಹೇಳುತ್ತೇನೆ. ಅಕ್ಕಪಕ್ಕದವರು ಕೇಳಿಸಿಕೊಳ್ಳಲಿ, ಒಳ್ಳೆಯದೇ. ಅವಳು ಬೈದರೆ ನಿಂತು ಕೇಳಬಲ್ಲೆ. ಒಳಗೆ ಕರೆದು, ಕೂರಿ ಅಕ್ಕಾ ಎಂದುಬಿಟ್ಟರೆ — ಅದಕ್ಕೆ ಮಾತ್ರ ನಾನಿನ್ನೂ ತಯಾರಾಗಿಲ್ಲ.