ಎದೆಯ ಮೇಲೊಂದು ಕ್ಷಣ

ಪೆನ್ಸಿಲ್ಲು ಕೆಳಗೆ ಬಿದ್ದರೆ ಬಗ್ಗಿ ಎತ್ತಿಕೊಳ್ಳುವುದಕ್ಕಿಂತ ಹೊಸದೊಂದನ್ನು ತೆಗೆದುಕೊಳ್ಳುವುದೇ ಲೇಸೆಂದು ತೋರತೊಡಗಿದಾಗಲೇ, ನನ್ನ ಉದರವು ಅತಿ ಉದಾರವಾಗಿದೆಯೆಂದು ನಾನು ತಿಳಿಯಬೇಕಿತ್ತು. ಕಡೆಗೆ ವೈದ್ಯರು ತಿಳಿಸಿದರು. ಸುರಪುರದ ವ್ಯಾಯಾಮಶಾಲೆಗೆ ಸೇರಿದೆ.

ಅಲ್ಲಿ ನನಗೆ ದೊರೆತದ್ದು ತೆಳುಸೊಂಟವಲ್ಲ, ಶರಣಮ್ಮನ ಪರಿಚಯ. ಹತ್ತಿರದ ಬೋನಾಳ ಹಳ್ಳಿಯವಳು, ಶಾಲಾ ಶಿಕ್ಷಕಿ. ಎಳವೆಯ ಪೋಲಿಯೊ ಅವಳ ಕಾಲುಗಳ ಕಸುವನ್ನು ಕಸಿದಿತ್ತು. ಊರುಗೋಲು ಹಿಡಿದು ಕಾಲುವೆಯ ಏರಿಯ ಮೇಲೆ ವರ್ಷಗಟ್ಟಲೆ ಓಡಾಡಿದ ತೋಳುಗಳು ಮಾತ್ರ ಉಕ್ಕಾಗಿದ್ದವು. ಬೆಂಚಿನ ಮೇಲೆ ಮಲಗಿ, ಕಾಲುಗಳಿಗೆ ಬೆಲ್ಟು ಬಿಗಿಸಿಕೊಂಡು, ಅರವತ್ತು ಕೆ.ಜಿ. ಭಾರವನ್ನು ಎದೆಯಿಂದ ಮೇಲಕ್ಕೆ ನೂಕುತ್ತಿದ್ದಳು. ಆದರೆ ಅಂಗವಿಕಲರ ಭಾರ ಎತ್ತುವ ಸ್ಪರ್ಧೆಯಲ್ಲಿ, ಕಬ್ಬಿಣದ ಸರಳು ಎದೆಗಿಳಿದ ಮೇಲೆ ಒಂದು ಕ್ಷಣ ನಿಶ್ಚಲವಾಗಿ ನಿಂತು, ಆನಂತರವೇ ಏಳಬೇಕು.

“ಎತ್ತೂದು ಬರ್ತದ್ರಿ, ತಡಿಯೂದ ಬರವಲ್ದು,” ಎಂದಳು ಒಂದು ದಿನ.

ಕಾಲುವೆ ಕಚೇರಿಯ ಗುಮಾಸ್ತನಾದ ನನಗೆ, ಓದುಗರೇ, ಜನರನ್ನು ಕಾಯಿಸುವ ವಿದ್ಯೆ ಕರತಲಾಮಲಕ. ತರಬೇತುದಾರ ನನ್ನನ್ನೇ ನೇಮಿಸಿದ: ಸರಳು ಎದೆ ಮುಟ್ಟಿ ನಿಂತ ಮೇಲೆ ನಾನು “ಹ್ಞೂಂ” ಅನ್ನಬೇಕು, ಆಗ ಅವಳು ಎತ್ತಬೇಕು. ಚಳಿಗಾಲವೆಲ್ಲ ಹೀಗೆ ಕಳೆಯಿತು. ನನ್ನ ಹೊಟ್ಟೆ ಇದ್ದಲ್ಲೇ ಇತ್ತು. ಅವಳ ಭಾರ ಎಪ್ಪತ್ತಕ್ಕೇರಿತು.

ಯಾದಗಿರಿಯ ಸ್ಪರ್ಧೆಯಲ್ಲಿ ಮೂರು ಅವಕಾಶ. ಮೊದಲನೆಯದರಲ್ಲಿ, ಜನರ ನಡುವೆ ಕುಳಿತ ನಾನು “ಹ್ಞೂಂ” ಅನ್ನುವ ಮುಂಚೆಯೇ ಗಡಿಬಿಡಿಯಿಂದ ತಡೆಯದೆ ನೂಕಿದಳು, ತೀರ್ಪುಗಾರರ ಕೆಂಪು ದೀಪ. ಎರಡನೆಯದರಲ್ಲಿ ಎಡಗೈ ಹಿಂದುಳಿಯಿತು, ಮತ್ತೆ ಕೆಂಪು. ಇನ್ನೊಂದು ತಪ್ಪಿದರೆ ಸ್ಪರ್ಧೆಯಿಂದಲೇ ಹೊರಗೆ. ಭಾರ ಇಳಿಸಿರೆಂದು ತೀರ್ಪುಗಾರರನ್ನು ಕೇಳಲು ಓಡಿದೆ. ಏರಿಸಬಹುದು, ಇಳಿಸುವಂತಿಲ್ಲ ಎಂದರು. ಜೋಲು ಮೋರೆ ಹಾಕಿಕೊಂಡು ಮರಳಿದ ನನ್ನನ್ನು ಅವಳೇ ಸಂತೈಸಬೇಕಾಯಿತು.

“ನೀವು ಅಲ್ಲಿ ಕುಂತು ಹ್ಞೂಂ ಅನಬ್ಯಾಡ್ರಿ. ಈ ಸಲ ನಾನ ಅನಕೋತೀನಿ.”

ಸರಳು ಇಳಿಯಿತು. ನಿಂತಿತು. ಕಾಯಿಸುವುದರಲ್ಲಿ ಪಂಡಿತನಾದ ನಾನು, ಕಾಯುವುದೂ ಒಂದು ಬಲವೆಂದು ಆ ಒಂದು ಕ್ಷಣದಲ್ಲಿ ಕಲಿತೆ. ಆಮೇಲೆ ಎರಡೂ ತೋಳುಗಳು ಸಮಸಮವಾಗಿ, ಎಲ್ಲೂ ನಡುಗದೆ, ಮೇಲಕ್ಕೆದ್ದವು. ಮೂರೂ ದೀಪ ಬಿಳಿ. ಅವಳ ವಿಭಾಗದಲ್ಲಿ ಅಷ್ಟು ಭಾರವನ್ನು ಇನ್ನಾರೂ ಎತ್ತಿರಲಿಲ್ಲ.

ಧ್ವನಿವರ್ಧಕದವನು ಪ್ರಥಮ ಸ್ಥಾನ ಸುರಪುರದ ಶರಣಮ್ಮನಿಗೆಂದು ಸಾರಿದ. ಬೆಲ್ಟು ಬಿಚ್ಚಿಸಿಕೊಳ್ಳುತ್ತಿದ್ದವಳು ಕೈಯೆತ್ತಿ ಅವನನ್ನು ತಡೆದಳು.

“ಸುರಪುರ ಅಲ್ರಿ, ಬೋನಾಳ. ಇನ್ನೊಮ್ಮಿ ಹೇಳ್ರಿ.”

ಅವನು ಹೇಳಿದ. ಜನ ಮತ್ತೆ ಮೊದಲಿನಿಂದ ಚಪ್ಪಾಳೆ ತಟ್ಟಿದರು.