ಹೊಸಪೇಟೆ ಮಾರ್ಗವಾಗಿ ಆಕಾಶಕ್ಕೆ

ಕಮಲಾಪುರದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಬೆಳಿಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಕೆಲಸ ನನ್ನದು. ಯಾರೂ ಒಪ್ಪಿಸಿದ್ದಲ್ಲ; ಆ ಬೆಂಚಿನ ಮೇಲೆ ಕನ್ನಡಕವಿಲ್ಲದೆ ಓದಬಲ್ಲವನು ನಾನೊಬ್ಬನೇ ಆದ್ದರಿಂದ ತಾನಾಗಿ ಬಂದದ್ದು. ನಡುನಡುವೆ ನಿಂತು, ಬರೆದದ್ದರಲ್ಲಿ ನಂಬಬೇಕಾದುದೆಷ್ಟು, ಬಿಡಬೇಕಾದುದೆಷ್ಟು ಎಂದು ವಿವರಿಸುವುದೂ ನನ್ನ ರೂಢಿ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಸಂಡೂರಿನ ಗಣಿಯೊಂದರ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದಾಗ ಹಳೆಯ ಪಠ್ಯಪುಸ್ತಕಗಳಿಂದ ಭೌತಶಾಸ್ತ್ರ ಕಲಿತೆ. ಹಾಗೆ ಕಲಿತವನಿಗೆ, ತಾನೇ ಅಳೆದು ನೋಡದ ಸಂಖ್ಯೆಯನ್ನು ಒಪ್ಪಲು ಮನಸ್ಸು ಬಾರದು.

ಒಂದು ದಿನ ಬಾಹ್ಯಾಕಾಶ ನಿಲ್ದಾಣದ ಸುದ್ದಿ ಬಂದಿತ್ತು. ಮುಸ್ಸಂಜೆಯಲ್ಲಿ ಚುಕ್ಕೆಯಂತೆ ಹೊಳೆಯುತ್ತ ನಮ್ಮ ಊರುಗಳ ಮೇಲೆ ಹಾದುಹೋಗುವ ಉಪಗ್ರಹವದು. ಎತ್ತರ ಸುಮಾರು ನಾನೂರು ಕಿಲೋಮೀಟರು. ನೆಲದ ಮೇಲೆ ಅದು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸಾಗುತ್ತದೆಯಂತೆ. ನಾನು ಓದು ನಿಲ್ಲಿಸಿದೆ.

“ನಾನೂರು ಅಂತ ಟೇಪ್ ಹಿಡದು ಅಳದವ್ರು ಯಾರು?” ಎಂದೆ.

ಬಾಳೆಕಾಯಿ ವ್ಯಾಪಾರಿ ಲೋಟ ಕೆಳಗಿಟ್ಟ. “ಯಜಮಾನ್ರ, ನೀವು ನಿಂತ್ ನಿಂತ್ ಓದೂದ್ರಾಗ ನಮ್ ಚಾ ಆರಿ ಹೋಗ್ತೈತ್ರಿ. ಆ ನಾನೂರು ಸುಳ್ಳಾದ್ರ ತೋರಸ್ರಿ, ವರ್ಷಪೂರ್ತಿ ನಿಮ್ ಭಾಷಣ ಕೇಳ್ತೀವಿ. ಖರೇ ಆದ್ರ, ಒಂದ್ ತಿಂಗಳು ಪೇಪರಿನಾಗ ಇದ್ದಷ್ಟ ಓದ್ರಿ. ಒಂದ್ ಮಾತೂ ಮ್ಯಾಲ ಸೇರಸಬ್ಯಾಡ್ರಿ.”

ಬೆಂಚು ಪೂರ್ತಿ ಕೈ ತಟ್ಟಿತು. ಒಂದು ತಿಂಗಳ ಮೌನವೆಂದರೆ ನನಗೆ ಚಹಾ ಬಿಡುವುದಕ್ಕಿಂತ ಕಠಿಣ. ಆದರೂ ಒಪ್ಪಿದೆ, ಗೆಲ್ಲುವ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ನನಗೆ ಅನುಮಾನವಿಲ್ಲದ ವಿಷಯ ಅದೊಂದೇ ಆಗಿತ್ತೆಂದು ಈಗ ಅನ್ನಿಸುತ್ತದೆ.

ಉಪಾಯ ಸರಳವಾಗಿತ್ತು. ಒಂದೇ ವಸ್ತುವನ್ನು ಎರಡು ಊರುಗಳಿಂದ ನೋಡಿದರೆ ಎರಡು ಬೇರೆ ಕೋನಗಳು ಸಿಗುತ್ತವೆ. ಊರುಗಳ ನಡುವಿನ ದೂರ ಗೊತ್ತಿದ್ದರೆ ಎತ್ತರ ತಾನಾಗಿ ಹೊರಬೀಳುತ್ತದೆ. ನಕ್ಷೆಯಲ್ಲಿ ಸಂಡೂರಿನ ನೇರ ಉತ್ತರಕ್ಕೆ, ಕೊಂಚ ಮಾತ್ರ ಸರಿದು, ಕಂಪ್ಲಿಯಿದೆ; ಕಂಪ್ಲಿಯಲ್ಲಿ ನನ್ನ ಅಕ್ಕ ಇದ್ದಾಳೆ. ಪ್ಲೈವುಡ್ಡಿನಲ್ಲಿ ಎರಡು ದೊಡ್ಡ ಅರ್ಧವೃತ್ತ ಕೊಯ್ದು, ಅರ್ಧರ್ಧ ಡಿಗ್ರಿಗೆ ಗೆರೆ ಎಳೆದು, ಅಂಚಿಗೆ ಪ್ಲಾಸ್ಟಿಕ್ ಪೈಪು ಕಟ್ಟಿ, ನಡುವಿನಿಂದ ದಾರದಲ್ಲಿ ಕಬ್ಬಿಣದ ನಟ್ಟು ಇಳಿಬಿಟ್ಟೆ. ಒಂದನ್ನು ಅಕ್ಕನಿಗೆ ಕೊಟ್ಟೆ. ಮಧ್ಯಾಹ್ನದ ನೆರಳು ನೋಡಿ ಅವಳ ಮಾಳಿಗೆಯ ಬಟ್ಟೆಹಗ್ಗವನ್ನು ಉತ್ತರ-ದಕ್ಷಿಣವಾಗಿ ಬಿಗಿದೆ. ಚುಕ್ಕೆ ಆ ಹಗ್ಗವನ್ನು ದಾಟುವಾಗ ಪೈಪಿನಲ್ಲಿ ಹಿಡಿದು, ದಾರವನ್ನು ಬೆರಳಿನಿಂದ ಒತ್ತಿ, ಗೆರೆ ಓದಬೇಕು.

“ಸೀರಿ ಒಣಗಸೂದು ಎಲ್ಲಿ ಮತ್ತ?” ಎಂದಳು ಅಕ್ಕ.

“ಒಂದ್ ಸಂಜಿ ತಡಿ, ವಿಜ್ಞಾನ ಐತಿ.”

“ನಿನ್ನ ವಿಜ್ಞಾನಕ್ಕ ನನ್ನ ಹಗ್ಗನ ಬೇಕಿತ್ತೇನೋ!”

ಮರುದಿನ ಸಂಜೆ ನಾನು ಸಂಡೂರಿನಲ್ಲಿ, ಗಣಿಯ ಹಳೆಯ ಕ್ವಾರ್ಟರ್ಸಿನ ಮೈದಾನದಲ್ಲಿ, ಹಾಗೆಯೇ ಒಂದು ದಾರ ಕಟ್ಟಿ ನಿಂತೆ. ಚುಕ್ಕೆ ಬಂತು, ದಾಟಿತು. ನನ್ನದು ಎಪ್ಪತ್ತೂವರೆ ಡಿಗ್ರಿ. ಅಕ್ಕ ಫೋನಿನಲ್ಲಿ ಎಪ್ಪತ್ತೈದು ಎಂದಳು. ಚಾಚಿದ ಕೈಯ ಮುಷ್ಟಿ ಸುಮಾರು ಹತ್ತು ಡಿಗ್ರಿಯಷ್ಟು ಆಕಾಶವನ್ನು ಮುಚ್ಚುತ್ತದೆ. ಎರಡು ಮುಷ್ಟಿ ದಾಟಲು ಅದಕ್ಕೆ ಇಪ್ಪತ್ತು ಸೆಕೆಂಡೂ ಹಿಡಿಯಲಿಲ್ಲ. ಅದನ್ನೂ ಗುರುತಿಸಿಕೊಂಡೆ.

ಊರಿಗೆ ಮರಳುವಾಗ ಬಸ್ ಬದಲಿಸಲು ಹೊಸಪೇಟೆಯಲ್ಲಿ ಇಳಿದವನು, ನಿಲ್ದಾಣದ ಕಲ್ಲುಬೆಂಚಿನ ಮೇಲೆಯೇ ಲೆಕ್ಕಕ್ಕೆ ಕುಳಿತೆ. ಕಂಪ್ಲಿಯಿಂದ ಸಂಡೂರಿಗೆ ಅರವತ್ತು ಕಿಲೋಮೀಟರು. ಎತ್ತರ ಬಂದದ್ದು ಹತ್ತಿರಹತ್ತಿರ ಏಳುನೂರು! ನಾನೂರೆಲ್ಲಿ, ಏಳುನೂರೆಲ್ಲಿ! ಪತ್ರಿಕೆಯ ಮೇಲೆ ನನಗೆ ಕರುಣೆಯೇ ಉಕ್ಕಿತು.

ಹೇಗೂ ಕೈಹಾಕಿದ್ದೇನೆ, ವೇಗವನ್ನೂ ಲೆಕ್ಕಹಾಕಿಬಿಡೋಣ ಎನ್ನಿಸಿತು. ಅಲ್ಲೇ ಎಡವಿದೆ. ಏಳುನೂರು ಕಿಲೋಮೀಟರು ಮೇಲಿದ್ದುಕೊಂಡು ಎರಡು ಮುಷ್ಟಿಯನ್ನು ಅಷ್ಟು ಬೇಗ ದಾಟಬೇಕಾದರೆ ಅದು ಸೆಕೆಂಡಿಗೆ ಹದಿಮೂರು ಕಿಲೋಮೀಟರು ಓಡಬೇಕು. ಆ ಎತ್ತರದಲ್ಲಿ ಹನ್ನೊಂದು ಕಿಲೋಮೀಟರಿನ ವೇಗ ಸಿಕ್ಕರೂ ಸಾಕು, ಯಾವ ವಸ್ತುವೂ ಭೂಮಿಯ ಸೆಳೆತ ತಪ್ಪಿಸಿಕೊಂಡು ಶಾಶ್ವತವಾಗಿ ಹೊರಟುಹೋಗುತ್ತದೆ. ಅಕ್ಕನಿಗೆ ಫೋನು ಮಾಡಿ ಹೇಳಿದೆ.

“ಹೊರಟ ಹೋಗೂದಾದ್ರ ದಿನಾ ಯಾಕ್ ತಿರುಗಿ ಬರ್ತೈತಿ?” ಎಂದಳು. “ಕಂಪ್ಲಿಯಿಂದ ಸಂಡೂರಿಗೆ ಎಷ್ಟ್ ಹಿಡದೀ?”

“ಅರವತ್ತು. ಬಸ್ಸಿನಾಗ ಅಷ್ಟ ಆಗ್ತೈತಲ್ಲ.”

ಅತ್ತ ಕಡೆ ಗಳಿಗೆ ಹೊತ್ತು ನಗುವೊಂದೇ ಕೇಳಿಸಿತು.

“ಲೇ ತಮ್ಮಾ, ನಿನ್ನ ಕೋನಗಳು ಸೈತ ಹೊಸಪೇಟಿ ಬಸ್ ಸ್ಟ್ಯಾಂಡಿನಾಗ ಇಳದು ಬಸ್ ಬದಲಿ ಮಾಡ್ತಾವೇನೋ?”

ಫೋನು ಕೈಯಲ್ಲಿ ಹಿಡಿದೇ ನಿಲ್ದಾಣವನ್ನು ಸುತ್ತ ನೋಡಿದೆ. ಕಂಪ್ಲಿಯಿಂದಾಗಲಿ ಸಂಡೂರಿನಿಂದಾಗಲಿ ನಾವು ಎಲ್ಲಿಗೆ ಹೊರಟರೂ ಮೊದಲು ಇಲ್ಲಿ ಬಂದು ಇಳಿಯುತ್ತೇವೆ. ಎರಡು ಊರುಗಳ ನಡುವೆ ಬೇರೊಂದು ನೇರ ದೂರ ಇರಬಹುದೆಂಬುದು ಇಷ್ಟು ವರ್ಷ ನನ್ನ ತಲೆಗೇ ಹೊಳೆದಿರಲಿಲ್ಲ. ಜಗತ್ತಿನ ಸಂಖ್ಯೆಗಳನ್ನೆಲ್ಲ ಶಂಕಿಸಿದವನು ಕಂಡಕ್ಟರ್ ಹೇಳಿದ್ದನ್ನು ಮಾತ್ರ ಪ್ರಶ್ನಿಸದೆ ನಂಬಿದ್ದೆ.

ಮನೆಗೆ ಬಂದು ಜಿಲ್ಲೆಯ ನಕ್ಷೆಯ ಮೇಲೆ ನೇರವಾಗಿ ದಾರ ಹಿಡಿದೆ: ಮೂವತ್ತೈದು ಕಿಲೋಮೀಟರು. ಎತ್ತರ ನಾನೂರ ಆರಕ್ಕೆ ಇಳಿಯಿತು. ವೇಗ ಸೆಕೆಂಡಿಗೆ ಏಳೂಮುಕ್ಕಾಲರ ಹತ್ತಿರ ಬಂತು. ಆ ಎತ್ತರದಲ್ಲಿ ಬೀಳದೆ, ಓಡಿಹೋಗದೆ ಸುತ್ತಲು ಬೇಕಾದಷ್ಟೇ. ಸೋತಿದ್ದೆ. ಆದರೂ ಅಂಥ ರುಚಿಯಾದ ಸೋಲನ್ನು ನಾನು ಕಂಡಿರಲಿಲ್ಲ. ಒಂದು ಬಟ್ಟೆಹಗ್ಗ, ಎರಡು ನಟ್ಟು, ಇಷ್ಟರಿಂದಲೇ ಆಕಾಶದ ಒಂದು ವಸ್ತು ಎಲ್ಲಿದೆಯೆಂದು ನನಗೇ ಗೊತ್ತಾಗಿತ್ತು.

ಆಮೇಲೆ ಇನ್ನೊಂದು ಹೊಳೆಯಿತು. ಆ ವೇಗ ಮೇಲಿನ ದೊಡ್ಡ ವೃತ್ತದ್ದು. ಅದರ ನೇರ ಕೆಳಗಿನ ಬಿಂದು ನೆಲದ ಮೇಲೆ ಓಡುವ ವೃತ್ತ ಚಿಕ್ಕದು. ಆದ್ದರಿಂದ ನೆಲದ ವೇಗ ಸೆಕೆಂಡಿಗೆ ಏಳಕ್ಕಿಂತ ಸ್ವಲ್ಪವೇ ಹೆಚ್ಚು. ಪತ್ರಿಕೆಯವರು ಮೇಲಿನ ವೇಗವನ್ನೇ ನೆಲದ್ದೆಂದು ಬರೆದಿದ್ದರು! ಎತ್ತರ ಸರಿ, ನೆಲದ ವೇಗ ತಪ್ಪು. ಆದರೆ ಪಂದ್ಯ ಕಟ್ಟಿದ್ದು ಎತ್ತರಕ್ಕೆ.

ಬೆಳಿಗ್ಗೆ ಬೆಂಚಿನೆದುರು ಸೋಲೊಪ್ಪಿ ಓದಲು ಕುಳಿತೆ. ಮಾತು ಸೇರಿಸಲಿಲ್ಲ. ನಿಲ್ಲಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲವಾದ್ದರಿಂದ, ಅನುಮಾನ ಬಂದಲ್ಲೆಲ್ಲ ನಿಂತು, ಕೆಮ್ಮಿ, ಮುಂದೆ ಓದಿದೆ. ವಾರ ಕಳೆಯುವಷ್ಟರಲ್ಲಿ ಬಾಳೆಕಾಯಿ ವ್ಯಾಪಾರಿಗೆ ತಡೆಯಲಾಗಲಿಲ್ಲ.

“ಅಲ್ಲಿ ಏನೋ ಐತ್ರಿ ಯಜಮಾನ್ರ. ಹೇಳ್ಬಿಡ್ರಿ, ಚಾ ನಂದು.”

ನೆಲದ ವೇಗ ನಾಲಗೆಯ ತುದಿಗೆ ಬಂದಿತ್ತು; ಆದರೆ ಪಂದ್ಯದ ತಿಂಗಳಿಗಿನ್ನೂ ಮೂರು ವಾರವಿತ್ತು. ಪತ್ರಿಕೆಯನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದು, ಈರುಳ್ಳಿಯ ಪೇಟೆಧಾರಣೆಯನ್ನು ಗಟ್ಟಿಯಾಗಿ ಓದತೊಡಗಿದೆ.