ಅರ್ಧ ಮನೆ ಮೇಲೆ ಹೋದ ಕೊಚ್ಚಿ

ಮೀನು ಮಾರುವ ವರ್ಗೀಸನಿಗೆ ಜ್ವರ ಬರುತ್ತಿದೆಯೆಂದು ಅವನಿಗಿಂತ ಮೊದಲು ಗೊತ್ತಾದದ್ದು ನಾಗಮಣಿ ಅತ್ತೆಗೆ. ಜನ್ಮದಲ್ಲಿ ಮೀನು ಮುಟ್ಟಿದವರಲ್ಲ ಅವರು. ಆದರೆ ದಿನಾ ಬೆಳಿಗ್ಗೆ ಎರ್ನಾಕುಳಂನ ನಮ್ಮ ಓಣಿಯಲ್ಲಿ ಸೈಕಲ್ ತುಳಿಯುತ್ತಾ ಅವನು ಕೂಗುವ ಕೂಗು ಅವರಿಗೆ ಕರತಲಾಮಲಕ. ಒಂದು ದಿನ, "ಇವತ್ತು ಕಾಲು ಮನೆ ಇಳಿದಿದ್ದಾನೆ ಕಣೇ, ಗಂಟಲು ಕೆಟ್ಟಿದೆ" ಎಂದವರೇ ಮೆಣಸಿನ ಕಷಾಯ ಕಾಸಿ ಅವನನ್ನು ಗೇಟಿನಲ್ಲಿ ತಡೆದು ಕುಡಿಸಿದರು. ಅವನು ನಗುತ್ತಾ ಕುಡಿದು ಹೋದ. ಆಮೇಲೆ ಮೂರು ದಿನ ಸೈಕಲ್ ಬರಲಿಲ್ಲ. ನಾಲ್ಕನೆಯ ದಿನ ಬಂದವನು, "ಎಂಙನೆ ಅರಿಞ್ಞು ಮಾಮಿ?" ಎಂದು ಕೇಳಿದ, ಹೇಗೆ ಗೊತ್ತಾಯಿತು ಅಂತ. "ನೀನೇ ಕೂಗಿ ಹೇಳಿದೆಯಲ್ಲಪ್ಪ" ಎಂದರು ಅತ್ತೆ, ಶುದ್ಧ ಮೈಸೂರು ಕನ್ನಡದಲ್ಲಿ. ಅಷ್ಟು ವರ್ಷ ಕೊಚ್ಚಿಯಲ್ಲಿದ್ದೂ ಅವರ ಮಲಯಾಳ ಬೇಡ, ಸಾಕು ಎಂಬೆರಡು ಮಾತನ್ನು ದಾಟಲೇ ಇಲ್ಲ.

'ಮನೆ' ಅಂದರೆ ಹಾರ್ಮೋನಿಯಂನ ಒಂದೊಂದು ಬಿಳಿ ಪಟ್ಟಿ. ನಡುವಿನ ಕರಿ ಪಟ್ಟಿಗಳು ಅರ್ಧ ಅರ್ಧ ಮನೆ. ಅತ್ತೆಗೆ ಲೋಕವೆಲ್ಲಾ ಈ ಲೆಕ್ಕದಲ್ಲೇ ಕೇಳುತ್ತಿತ್ತು. ಸೌಟು ಬಿದ್ದರೆ ಆರೂವರೆ, ಜೆಟ್ಟಿಯಿಂದ ಹೊರಡುವ ಬೋಟಿನ ಸಿಳ್ಳೆ ನಾಲ್ಕು, ಯಜಮಾನರ ಗೊರಕೆ ಎರಡರಿಂದ ಶುರುವಾಗಿ ಎತ್ತ ಹೋಗುತ್ತದೋ ದೇವರೇ ಬಲ್ಲ.

ಅವರು ನನಗೆ ರಕ್ತಸಂಬಂಧದ ಅತ್ತೆಯಲ್ಲ. ಅರವತ್ತರ ದಶಕದ ಆರಂಭದಲ್ಲಿ ನನ್ನ ಅಪ್ಪನನ್ನು ಬ್ಯಾಂಕಿನವರು ಕೊಚ್ಚಿಗೆ ವರ್ಗ ಮಾಡಿದಾಗ ನಮಗೆ ಸಿಕ್ಕಿದ ಬಾಡಿಗೆ ಮನೆಯ ಗೋಡೆಗೆ ಅವರ ಮನೆಯ ಗೋಡೆ ಅಂಟಿಕೊಂಡಿತ್ತು, ಅಷ್ಟೆ. ಯಜಮಾನರು ಶಾಮರಾಯರು ಕೇಂದ್ರ ಸರ್ಕಾರದ ನೌಕರರು. ಮದುವೆಗೆ ಮುಂಚೆ ಅತ್ತೆ ಮೈಸೂರಿನಲ್ಲಿ ಹತ್ತು ವರ್ಷ ಸಂಗೀತ ಕಲಿತಿದ್ದರಂತೆ. ಆಮೇಲೆ ಕಚೇರಿ ಅನ್ನುವ ಮಾತು ಅವರ ಮನೆಯಲ್ಲಿ ಶಾಮರಾಯರ ಆಫೀಸಿಗೆ ಮಾತ್ರ ಉಳಿಯಿತು. ವೇದಿಕೆ ಇಲ್ಲ, ಪಕ್ಕವಾದ್ಯ ಇಲ್ಲ, ಹೆಸರೂ ಇಲ್ಲ. ಅವರ ಹತ್ತಿರ ಉಳಿದಿದ್ದ ಆಸ್ತಿ ಆ ಎರಡು ಕಿವಿ. ಅದರ ಬಗ್ಗೆ ಅವರಿಗೆ ಹೆಮ್ಮೆ ಇತ್ತು, ಸಣ್ಣ ಜಂಬವೇ ಇತ್ತು ಅನ್ನಿ.

ಹತ್ತು ವರ್ಷದ ನಾನು ಸಂಗೀತ ಕಲಿಯಲು ಹೋದರೆ ಮೊದಲ ವರ್ಷ ಬಾಯಿ ತೆರೆಯಲು ಬಿಡಲಿಲ್ಲ. ನಾನು ಅವರ ಹಜಾರದಲ್ಲಿ ಕೂತು ತಂಬೂರಿ ಶ್ರುತಿ ಮಾಡಬೇಕು, ಅವರು ಅಡಿಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಾ ಕೇಳಬೇಕು. ತಪ್ಪಿದರೆ ಸೌಟಿನಿಂದ ಗೋಡೆಗೆ ಒಂದು ಏಟು. "ಹತ್ತಿರ ಬಂತಲ್ಲ ಅತ್ತೆ?" ಎಂದು ನಾನು ಗೋಗರೆದರೆ, "ಹತ್ತಿರ ಅನ್ನೋದೆಲ್ಲ ಬಸ್ ಸ್ಟಾಂಡಿಗೆ. ಶ್ರುತಿ ಅಂದ್ರೆ ಸೇರಬೇಕು, ಇಲ್ಲಾ ಸೇರಿಲ್ಲ ಅಂತ ಒಪ್ಕೋಬೇಕು" ಎಂದು ಒಳಗಿನಿಂದಲೇ ಗದರುತ್ತಿದ್ದರು.

ಇದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿತ್ತು. ಬೆಳಿಗ್ಗೆ ಎದ್ದವಳು ಯಾರೊಂದಿಗೂ ಒಂದು ಮಾತೂ ಆಡದೆ, ಬೇರೆ ಸ್ವರ ಕಿವಿಗೆ ಬೀಳುವ ಮುಂಚೆ, ಅವರ ಮನೆಗೆ ಹೋಗಿ ನಮ್ಮ ತಂಬೂರಿಯ ಶ್ರುತಿಯಾದ ಐದೂವರೆ ಮನೆಯ ಷಡ್ಜವನ್ನು, ಅಂದರೆ 'ಸ'ವನ್ನು, ನೆನಪಿನಿಂದಲೇ ಗುನುಗಬೇಕು. ಆಮೇಲೆ ಅವರು ತಂಬೂರಿ ಮೀಟಿ ನೋಡುವರು. ನಾನು ತುಟಿ ಹೊಲಿದುಕೊಂಡವಳ ಹಾಗೆ ಅಂಗಳ ದಾಟುವುದನ್ನು ನೋಡಿ ಅಮ್ಮ, "ಮಾತಾಡೋ ಮಗೂನ ಕಳಿಸಿದ್ದೆ, ಮೂಗಿ ಮಾಡಿ ವಾಪಸ್ಸು ಕೊಟ್ಟಿದ್ದಾರೆ" ಎಂದು ಗೊಣಗುತ್ತಿದ್ದಳು. ತಿಂಗಳುಗಟ್ಟಲೆ ತಪ್ಪಿತು. ಒಂದು ಬೆಳಿಗ್ಗೆ ಗುನುಗಿದೆ, ಅವರು ಮೀಟಿದರು, ಎರಡೂ ಒಂದೇ ಆಗಿ ಹೋಯಿತು. ಅತ್ತೆ ಒಳಗೆ ಹೋಗಿ ಒಲೆ ಆರಿಸಿ ಬಂದು ನನ್ನೆದುರು ಚಾಪೆಯ ಮೇಲೆ ಕೂತರು. ಆವತ್ತು ಶಾಮರಾಯರು ಊಟದ ಡಬ್ಬಿ ಇಲ್ಲದೆ ಆಫೀಸಿಗೆ ಹೋದರು.

ಎಪ್ಪತ್ತರ ದಶಕದಲ್ಲಿ ನಾನು ಸಂಗೀತ ಓದಲೆಂದು ತಿರುವನಂತಪುರಕ್ಕೆ ಹೋದೆ. ಅಪ್ಪನಿಗೆ ಊರಂಚಿನ ಕಳಮಶ್ಶೇರಿ ಶಾಖೆಗೆ ವರ್ಗವಾಗಿದ್ದರೂ ಮನೆ ಬದಲಿಸಿರಲಿಲ್ಲ. ರಜೆಗೆ ಬಂದಾಗಲೆಲ್ಲ ಅತ್ತೆಯ ಹಜಾರದಲ್ಲೇ ನನ್ನ ಠಿಕಾಣಿ. ಒಂದು ರಜೆಯಲ್ಲಿ ಅವರು ಯಾಕೋ ಸಿಡಿಮಿಡಿಗೊಂಡಿದ್ದರು. ದೇವಸ್ಥಾನದ ನಾಗಸ್ವರದವನು ಶ್ರುತಿ ಏರಿಸಿದ್ದಾನೆ ಎಂದರು. ಬೋಟಿನ ಸಿಳ್ಳೆ ಬದಲಾಯಿಸಿದ್ದಾರೆ ಎಂದರು. ಶಾಲೆಯ ಗಂಟೆಯನ್ನೂ ಬಿಡಲಿಲ್ಲ. "ಇಡೀ ಕೊಚ್ಚಿಯೇ ಅರ್ಧ ಮನೆ ಮೇಲೆ ಹೋಗಿದೆ ಕಣೇ!" ಶಾಮರಾಯರು ಪೇಪರ್ ಮರೆಯಿಂದ, "ಊರಿಗೆಲ್ಲ ತಪ್ಪು, ಇವಳೊಬ್ಬಳೇ ಸರಿ" ಎಂದು ನಕ್ಕರು. ನಾನೂ ನಕ್ಕೆ. ಆಗ ನಗಬಾರದಿತ್ತು.

ಕೊನೆಗೆ ಅತ್ತೆಯ ಕೋಪ ರೇಡಿಯೋದ ಮೇಲೆ ತಿರುಗಿತು. ವಾರ್ತೆಗೆ ಮುಂಚೆ ಸಮಯ ಸೂಚಿಸಲು ಪಿಪ್ ಪಿಪ್ ಎನ್ನುತ್ತದಲ್ಲ, ಅದು ಏಳನೇ ಮನೆಗಿಂತ ಕೂದಲೆಳೆ ಮೇಲಿರಬೇಕಾದ್ದು ಈಗ ಬೇರೆ ಮನೆಗೇ ಹೋಗಿದೆ ಎಂದು ರೇಡಿಯೋ ನಿಲಯಕ್ಕೆ ಕಾರ್ಡು ಬರೆದರು. ಇಂಗ್ಲಿಷಿನಲ್ಲಿ ಬರೆದುಕೊಡಲು ಶಾಮರಾಯರು ಒಪ್ಪದ್ದರಿಂದ ಕನ್ನಡದಲ್ಲೇ ಬರೆದರು. ಉತ್ತರ ಬರಲಿಲ್ಲ. ಆಗ, ರಜೆ ಮುಗಿಸಿ ಕಾಲೇಜಿಗೆ ಮರಳಿದ್ದ ನನಗೊಂದು ಇನ್‌ಲ್ಯಾಂಡ್ ಲೆಟರ್ ಬಂತು: "ನಿಮ್ಮ ಕಾಲೇಜಿನಲ್ಲಿ ಒಳ್ಳೆಯ ಹಾರ್ಮೋನಿಯಂ ಇರುತ್ತದೆ. ರೇಡಿಯೋ ಪಕ್ಕದಲ್ಲಿಟ್ಟುಕೊಂಡು ಪಿಪ್ ಯಾವ ಮನೆಯಲ್ಲಿದೆ ನೋಡಿ ಬರಿ. ನನ್ನ ಮುಖ ನೋಡಿ ಬರೆಯಬೇಡ, ಇದ್ದದ್ದು ಬರಿ."

ನೋಡಿದೆ. ಪಿಪ್ ಏಳನೇ ಮನೆಗಿಂತ ಕೂದಲೆಳೆ ಮೇಲೆ, ಇದ್ದಲ್ಲೇ ಇತ್ತು. ಕಾಲೇಜಿನ ಮೇಷ್ಟ್ರೊಬ್ಬರನ್ನು ಕೇಳಿದರೆ, "ಅಂಥ ಕಿವಿ ಇರುವವರಿಗೆ ವಯಸ್ಸಾಗ್ತಾ ಹೀಗಾಗುತ್ತೆ. ಎಲ್ಲ ಸ್ವರವೂ ಎತ್ತರಕ್ಕೆ ಕೇಳಿಸುತ್ತೆ" ಎಂದರು. ಇಪ್ಪತ್ತರ ಹುಡುಗಿ ನಾನು, ನಿಜ ಹೇಳುವುದೇ ದೊಡ್ಡಸ್ತಿಕೆ ಅಂದುಕೊಂಡಿದ್ದ ವಯಸ್ಸು. ಅವೆರಡನ್ನೂ ಹಾಗೆಯೇ ಬರೆದು, "ಬದಲಾದದ್ದು ನಿಮ್ಮ ಕಿವಿ ಅತ್ತೆ" ಎಂದು ಸೇರಿಸಿ ಅಂಚೆಗೆ ಹಾಕಿದೆ.

ಮರುಪತ್ರ ಬರಲಿಲ್ಲ. ಅಮ್ಮನ ಕಾಗದದಿಂದ ಗೊತ್ತಾಯಿತು, ಅತ್ತೆ ತಂಬೂರಿಗೆ ಗವಸು ಹಾಕಿದ್ದಾರೆ, ಪಾಠಕ್ಕೆ ಬರುತ್ತಿದ್ದ ಹುಡುಗಿಯರಿಬ್ಬರನ್ನೂ ಬಿಡಿಸಿದ್ದಾರೆ. "ಗೋಡೆಯಾಚೆ ಸೌಟಿನ ಸದ್ದೇ ಇಲ್ಲ, ನನಗೇ ಬೇಜಾರು" ಎಂದು ಬರೆದಿದ್ದಳು. ಆ ಕಾಗದ ಓದಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಬರೆದದ್ದು ನಿಜ, ಬರೆದ ರೀತಿ ಕಟುಕನದು. ಆ ಒಂದು ಪತ್ರ ವಾಪಸ್ಸು ಪಡೆಯುವ ಹಾಗಿದ್ದರೆ ಈಗಲೂ ಏನು ಬೇಕಾದರೂ ಕೊಟ್ಟೇನು.

ಶಾಮರಾಯರು ನಿವೃತ್ತರಾಗಿ ಮೈಸೂರಿಗೆ ಹೊರಟಾಗ ನೋಡಲು ಬಂದೆ. ಅದೇ ಕೊನೆಯ ಭೇಟಿಯಾಯಿತು. ಎರಡು ವರ್ಷದಲ್ಲಿ ಅತ್ತೆ ತೀರಿಕೊಂಡರು. ಆ ಭೇಟಿಗೆಂದು ತಿರುವನಂತಪುರದಿಂದ ರೈಲಿನಲ್ಲಿ ಬರುತ್ತಾ ದಾರಿಯುದ್ದಕ್ಕೂ ಒಂದು ಉಪಾಯ ಹೂಡಿದ್ದೆ. ಹಜಾರದ ತುಂಬ ಕಟ್ಟಿದ ಗಂಟುಗಳು, ಮೂಲೆಯಲ್ಲಿ ತಂಬೂರಿ. ಅತ್ತೆ ಕಾಫಿ ಮಾಡಲು ಒಳಗೆ ಹೋದಾಗ ಗವಸು ಬಿಚ್ಚಿ ಐದೂವರೆಗಲ್ಲ, ಅದಕ್ಕಿಂತ ಅರ್ಧ ಮನೆ ಕೆಳಗೆ ಶ್ರುತಿ ಮಾಡಿದೆ. ಅವರ ಕಿವಿ ಅರ್ಧ ಮನೆ ಏರಿಸಿ ಕೇಳಿಸಿಕೊಂಡರೆ ಸರಿಹೋಗುತ್ತದಲ್ಲ ಅಂತ.

ಕಾಫಿ ಲೋಟ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. "ಅಯ್ಯೋ, ಐದೂವರೆ! ಎಷ್ಟು ದಿನ ಆಯ್ತೇ ಇದನ್ನ ಕೇಳಿ!" ಎಂದರು. ಆ ಮುಖ ನೋಡಿ ನನ್ನ ಜನ್ಮ ಸಾರ್ಥಕವಾಯಿತು ಅನ್ನಿಸಿತು. ಪಕ್ಕದಲ್ಲಿ ಕೂತು ನನ್ನ ಜೊತೆ ದನಿಗೂಡಿಸಿದರು. ಕೆಳಗಿನ ಸ್ವರಗಳೆಲ್ಲ ಮುಗಿದು ಮೇಲಿನ ಷಡ್ಜಕ್ಕೆ ಹೋದೆವು. ಅತ್ತೆ ಥಟ್ಟನೆ ನಿಲ್ಲಿಸಿ ಕುತ್ತಿಗೆಗೆ ಕೈ ಇಟ್ಟುಕೊಂಡರು.

"ಇಳಿಸಿದ್ದೀಯ" ಎಂದರು.

ನಾನು ತಲೆ ತಗ್ಗಿಸಿದೆ.

"ಈ ಷಡ್ಜ ಇಷ್ಟು ಸಲೀಸಾಗಿ ನನಗೆ ಯಾವತ್ತೂ ಬಂದಿಲ್ಲ. ಕಿವಿ ಕೈಕೊಟ್ಟಿದೆ ಕಣೇ, ಗಂಟಲು ಇನ್ನೂ ಕೊಟ್ಟಿಲ್ಲ."

"ನಿಮಗೆ ಒಂದು ಸಲವಾದ್ರೂ ಸರಿಯಾಗಿ ಕೇಳಲಿ ಅಂತ ಅತ್ತೆ... ಆ ಕಾಗದ ನಾನು ಹಾಗೆ ಬರೀಬಾರದಿತ್ತು."

"ಕಾಗದದಲ್ಲಿ ತಪ್ಪೇನಿತ್ತು? ನಾನೇ ಕೇಳಿದ್ದಲ್ವಾ. ತಪ್ಪು ಇದು. ಏರಿಸು."

"ನಿಮಗೆ ಹಿಂಸೆಯಾಗುತ್ತೆ."

"ಆಗಲಿ, ಅದು ನನ್ನ ಪಾಡು. ನನ್ನ ಕಿವಿಗೋಸ್ಕರ ನೀನು ಸ್ಥಾನ ಬಿಟ್ಟು ಕೂತರೆ ನಾನು ಕಲಿಸಿದ್ದು ಎಲ್ಲಿ ಉಳೀತು? ಏರಿಸಿ ಹಾಡು."

ಏರಿಸಿದೆ. ಅವರೇ ಮೊದಲು ಪಾಠ ಹೇಳಿಕೊಟ್ಟ ಕೃತಿಯನ್ನು ಪೂರ್ತಿ ಹಾಡಿದೆ. ಅತ್ತೆ ಎದುರಿಗೆ ಕೂತು ತೊಡೆಯ ಮೇಲೆ ತಾಳ ಹಾಕಿದರು. ನಾನು ಷಡ್ಜಕ್ಕೆ ಬಂದಾಗಲೆಲ್ಲ ಬರಿಗಾಲಲ್ಲಿ ಕಲ್ಲು ತುಳಿದವರ ಹಾಗೆ ಅವರ ಮುಖ ಕಿವುಚಿಕೊಳ್ಳುತ್ತಿತ್ತು. ತಾಳ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಹಾಡು ಮುಗಿದ ಮೇಲೆ ನನ್ನ ಕೆನ್ನೆ ಒರೆಸಿದರು.

"ಚೆನ್ನಾಗಿ ಹಾಡಿದೆ ಅಂತ ನಂಬ್ತೀನಿ" ಎಂದರು. "ಕೇಳೋಕೆ ಆಗಲಿಲ್ಲ ಕಣೇ. ಆದ್ರೂ ನಂಬ್ತೀನಿ."